ತಂತಿ ಬಿಗಿಯುವವನ ಲೆಕ್ಕದ ಪುಸ್ತಕ

ಹೆರ್ನೆಯ ರೈಲು ನಿಲ್ದಾಣದ ಹಿಂದೆ ನನ್ನ ಅಂಗಡಿ.
ಬೀಗದ ಕೈ ಮಾಡಿಕೊಡುತ್ತೇನೆ, ಬೂಟಿಗೆ ಅಟ್ಟೆ ಹೊಡೆಯುತ್ತೇನೆ,
ಟೆನಿಸ್ ರಾಕೆಟ್ಟಿಗೆ ತಂತಿ ಕಟ್ಟುತ್ತೇನೆ.
ಆಲ್ಮುಟ್ ಕೊವಾಲಿಕ್ ಬಗ್ಗೆ ಕೇಳಿದಿರಲ್ಲ,
ಅವಳ ಸೋಲು ಗೆಲುವು ಪತ್ರಿಕೆಯವರು ಬರೆದಿಟ್ಟಿದ್ದಾರೆ.
ನಾನು ಬರೆದಿಟ್ಟದ್ದು ಕಿಲೋ.

ಮೊದಲ ಸಲ ಬಂದಾಗ ಹನ್ನೊಂದು ವರ್ಷ.
ಗಣಿಯ ಪಾಳಿ ಮುಗಿಸಿ ಬಂದ ಅಪ್ಪನ ಕಣ್ಣಂಚಿನಲ್ಲಿ
ತೊಳೆದರೂ ಹೋಗದ ಕರಿ,
ಮಗಳ ಕಾಲುಚೀಲದಲ್ಲಿ
ಒಗೆದರೂ ಬಿಡದ ಕೆಂಪು.
ಎಷ್ಟು ಬಿಗಿಯಲಿ, ಅಂದೆ.
ಅಪ್ಪ ಬಾಯಿ ತೆರೆಯುವ ಮೊದಲೇ
ಇಪ್ಪತ್ತೆಂಟು, ಅಂದಳು.
ಇಲ್ಲಿನ ಕ್ಲಬ್ಬಿನ ಗಂಡಸರೂ ಕೇಳದ ಬಿಗಿ.
ತೋಳು ಬಿದ್ದುಹೋದೀತು ಮಗೂ.
ನನ್ನ ತೋಳು ತಾನೇ, ಅಂದಳು.
ಬರೆದುಕೊಂಡೆ.

ಆಮೇಲೆ ಪಲೆರ್ಮೊ, ಬುಡಾಪೆಸ್ಟ್,
ನನ್ನ ನಾಲಿಗೆ ಹೊರಳದ ಇನ್ನೆಷ್ಟೋ ಊರು.
ಬುಧವಾರ ಬಾಗಿಲು ತಳ್ಳಿದಳೆಂದರೆ
ಮೊದಲ ಸುತ್ತಿನಲ್ಲೇ ಸೋತು ಬಂದಿದ್ದಾಳೆ, ಮಾತು ಬೇಡ.
ಶನಿವಾರವಾದರೂ ಬರಲಿಲ್ಲವೆಂದರೆ
ಹೆಂಡತಿಗೆ ಹೇಳುತ್ತಿದ್ದೆ, ಈ ಸಂಜೆ ಬಿಯರ್ ತರುತ್ತೇನೆ.
ಹದಿಮೂರು ವರ್ಷದಲ್ಲಿ ಬಿಯರ್ ತಂದದ್ದು ಒಂಬತ್ತು ಸಲ.

ಒಂದು ಬೇಸಿಗೆಯಲ್ಲಿ
ಇಡೀ ಲೋಕಕ್ಕೆ ಎಪ್ಪತ್ತೊಂದನೆಯವಳಾದಳು.
ಅಂದರೆ ಇವಳಿಗಿಂತ ಮೇಲೆ ಎಪ್ಪತ್ತು ಜನ ಇದ್ದಾರಾ,
ಕೇಳಿದಳು ಬೇಕರಿಯವಳು, ಬ್ರೆಡ್ಡು ಸುತ್ತುತ್ತ.
ಒಂದು ತಿಂಗಳು ಆ ಬೇಕರಿಯ ಮೆಟ್ಟಿಲು ಹತ್ತಲಿಲ್ಲ ನಾನು.

ತೊಂಬತ್ತೆಂಟರ ಮೇ. ಪ್ಯಾರಿಸ್.
ಅಲ್ಲಿ ಕಟ್ಟಿಸಿದರೆ ದುಬಾರಿ ಎಂದು
ನಾಲ್ಕು ರಾಕೆಟ್ಟು ಇಲ್ಲಿಂದಲೇ ಹೊತ್ತುಕೊಂಡು ಹೋದಳು.
ನಾಲ್ಕನೆಯದಕ್ಕೆ ಉಳಿದಿದ್ದದ್ದು ಉರುಳೆಯ ಕೊನೆ,
ಚಳಿಗಾಲವಿಡೀ ಹಿಂದಿನ ಕೋಣೆಯ ತೇವ ಕುಡಿದ ತಂತಿ.
ಹೊಸ ಉರುಳೆ ಬರುವುದು ಗುರುವಾರ,
ಅವಳ ರೈಲು ಬುಧವಾರ.
ಬೆರಳಲ್ಲಿ ಮೀಟಿ ನೋಡಿದೆ. ಶ್ರುತಿ ಸರಿಯಿತ್ತು,
ಅಥವಾ ಸರಿಯಿದೆ ಅಂದುಕೊಂಡೆ.
ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಇಪ್ಪತ್ತಾರು.

ಮೂಲೆಯ ಅಂಗಳ, ಟಿವಿಯಲ್ಲಿ ತೋರಿಸಲಿಲ್ಲ.
ರಾತ್ರಿ ಅವಳಪ್ಪನ ಫೋನು:
ಇನ್ನೊಂದೇ ಒಂದು ಪಾಯಿಂಟು ಬೇಕಿತ್ತು, ಎವಾಲ್ಡ್,
ತಂತಿ ಹರಿಯಿತು.
ಗೆದ್ದಿದ್ದರೆ ಸೋಮವಾರ ದೊಡ್ಡ ಅಂಗಳದಲ್ಲಿ ಆಡುತ್ತಿದ್ದಳು.
ನಾನು ಹೂಂ ಅಂದೆ.
ಹೂಂ ಅಂದೆ, ಅಷ್ಟೇ.

ಅಲ್ಲಿಂದಾಚೆ ಪುಟ ತಿರುವಿದರೆ
ಇಪ್ಪತ್ತೈದು. ಇಪ್ಪತ್ತನಾಲ್ಕು. ಇಪ್ಪತ್ತೆರಡೂವರೆ.
ತಂತಿ ಸಡಿಲವಾದಷ್ಟೂ ಚೆಂಡು ತಾನೇ ಹಾರುತ್ತದೆ,
ಮಣಿಕಟ್ಟು ದುಡಿಯಬೇಕಾಗಿಲ್ಲ.
ನೋವೆಂದು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ,
ಡಾಕ್ಟರಿಗಿಂತ ಮೊದಲು ನನಗೆ ಗೊತ್ತಿತ್ತು.
ಆಗಲೂ ಬರೆದುಕೊಂಡೆ.

ಆಮೇಲೊಂದು ಬುಧವಾರ ಬರಲಿಲ್ಲ.
ಶನಿವಾರವೂ ಬರಲಿಲ್ಲ.
ಮುದುಕಿಗೆ ಕೂಗಿ ಹೇಳಿ ಬಿಯರ್ ತಂದೆ,
ಒಳ್ಳೆಯದನ್ನೇ ತಂದೆ,
ಮುಂದಿನ ಶನಿವಾರ ಮತ್ತೆ.
ಡೋರ್ಟ್‌ಮುಂಡಿನ ಆಸ್ಪತ್ರೆಯಲ್ಲಿ
ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡು
ಅವಳು ಕಿಟಕಿ ನೋಡುತ್ತಿದ್ದಳಂತೆ.
ನಾವಿಬ್ಬರೂ ಇಲ್ಲಿ ಗ್ಲಾಸಿಗೆ ಗ್ಲಾಸು ತಾಗಿಸುತ್ತಿದ್ದೆವು.

ಗಣಿ ಮುಚ್ಚಿತು. ಅವಳಪ್ಪ ಹೋದ.
ಅವಳೀಗ ಕಾಸ್ಟ್ರೋಪಿನ ತಗಡಿನ ಹಾಲಿನಲ್ಲಿ
ಮಕ್ಕಳಿಗೆ ಕಲಿಸುತ್ತಾಳೆ, ಎಡಗೈಯಲ್ಲಿ ಚೆಂಡು ಎಸೆದು.

ಹೋದ ವಾರ ಬಂದಳು.
ಬಿಳಿ ಕೂದಲು ನನಗೂ, ಅವಳಿಗೂ.
ಹೇಗೂ ಅಂಗಡಿ ಮಾರುವವನು, ಹೇಳಿಯೇಬಿಟ್ಟೆ,
ಉರುಳೆ, ತೇವ, ಗುರುವಾರ, ಎಲ್ಲ.

ಕೀಲಿ ಕೊರೆಯುವ ಯಂತ್ರವನ್ನೇ ನೋಡುತ್ತಿದ್ದಳು.
ಎರಡು ಗೇಮಿಗೆ ಮುಂಚೆಯೇ ಅದರ ದನಿ ಒಡೆದಿತ್ತು, ಅಂದಳು.
ಕೇಳಿಸಿತ್ತು ನನಗೆ. ಬೆಂಚಿನ ಮೇಲೆ ಇನ್ನೂ ಮೂರು ಇದ್ದವು.
ಮತ್ತೆ ಯಾಕೆ ಬದಲಿಸಲಿಲ್ಲ?
ಅದರಲ್ಲೇ ಗೆಲ್ಲುತ್ತಿದ್ದೆನಲ್ಲ, ಎವಾಲ್ಡ್.

ಸಿಟ್ಟು ಬಂತು ನನಗೆ. ಇಪ್ಪತ್ತೈದು ವರ್ಷ
ಅವಳ ಭಾರವನ್ನು ನನ್ನದೆಂದು ಹೊತ್ತೆನಲ್ಲ ಎಂದು.
ಸಿಟ್ಟು ಇಳಿದ ಮೇಲೆ
ಹೆಗಲು ಖಾಲಿ ಖಾಲಿ ಅನ್ನಿಸಿತು.

ಚೀಲದಿಂದ ಚಿಕ್ಕದೊಂದು ರಾಕೆಟ್ಟು ತೆಗೆದಳು.
ಎಷ್ಟು ಬಿಗಿಯಲಿ?
ನನ್ನನ್ನೇನು ಕೇಳುತ್ತೀ, ಆಡುವವಳು ಹೊರಗಿದ್ದಾಳೆ.

ನಿಲ್ಯುಫರ್ ಅಂತೆ ಹೆಸರು, ಹಲ್ಲಿಗೆ ತಂತಿ,
ಕೈಯಲ್ಲಿ ಅರ್ಧ ತಿಂದ ಎಳ್ಳಿನ ಬನ್ನು.
ಎಷ್ಟು ಬಿಗಿಯಲಿ ಮಗೂ?
ತಲೆಯೆತ್ತದೆ ಬೋರ್ಡಿನ ಮೇಲಿನ ದರ ಓದಿ
ಮೂರು ಯೂರೋ ಕಮ್ಮಿ ಮಾಡ್ಕೊಳ್ಳಿ ಅಜ್ಜ, ಅಂದಳು.